ಚಿನ್ನದ ಗಣಿಯ ಊರುಗಳು: ಕೆ.ಜಿ.ಎಫ್ ಮತ್ತು ಬಂಗಾರಪೇಟೆಯ ಚರಿತ್ರೆ

ಕೋಲಾರ ಜಿಲ್ಲೆಯ ಪೂರ್ವ ಅಂಚಿನಲ್ಲಿ ಮಾರಿಕುಪ್ಪಂ, ಚಾಂಪಿಯನ್ ರೀಫ್, ಉರಿಗಾಂ, ಕೋರಮಂಡಲ್ ಎಂಬ ಊರುಗಳು ಒಂದಕ್ಕೊಂದು ತಾಗಿಕೊಂಡು ಸಾಲಾಗಿ ನಿಂತಿವೆ. ಭೂಗರ್ಭದ ಅದಿರಿನ ಪಟ್ಟಿ ಹಾದಿರುವ ದಿಕ್ಕೇ ಈ ಸಾಲಿನ ದಿಕ್ಕು. ಇವನ್ನೆಲ್ಲ ಒಟ್ಟಾಗಿ ಕೆ.ಜಿ.ಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಎನ್ನುತ್ತಾರೆ.

ಇಲ್ಲಿ ಚಿನ್ನ ಕಂಡುಹಿಡಿದವರು ಬ್ರಿಟಿಷರು ಎಂಬ ಮಾತು ಪೂರ್ತಿ ನಿಜವಲ್ಲ. ಟಿಪ್ಪುವಿನ ಪತನದ ಬಳಿಕ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್, 1802ರಲ್ಲಿ ಮಾರಿಕುಪ್ಪದ ಆಸುಪಾಸಿನಲ್ಲಿ ಕಂಡದ್ದು ಆಗಲೇ ನಡೆಯುತ್ತಿದ್ದ ಕಸುಬನ್ನು. ಗುಂಡಿಗೆ ಇಳಿದವರು ಒಡೆದ ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಕಳಿಸುತ್ತಿದ್ದರು; ಹೆಂಗಸರು ಅದನ್ನು ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ತೊಳೆದು ಹೊನ್ನಿನ ಕಣ ಬೇರ್ಪಡಿಸುತ್ತಿದ್ದರು. ಆ ಕೆಲಸಗಾರರ ಹೆಸರುಗಳು ಉಳಿಯಲಿಲ್ಲ. ವಾರೆನ್‌ನ ಬರಹ ಮಾತ್ರ ಉಳಿಯಿತು. ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಮೈಕೇಲ್ ಲವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ಅದನ್ನು ಓದಿ, ಮೈಸೂರು ಸರ್ಕಾರದಿಂದ ಗಣಿ ಪರವಾನಗಿ ಪಡೆದು 1875ರಲ್ಲಿ ಅಗೆತ ಶುರು ಮಾಡಿದ. ಹಣ ಸಾಲದೆ ಹಕ್ಕು ಬೇರೆಯವರ ಪಾಲಾಯಿತು. 1880ರಲ್ಲಿ ಬಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಹಳೆಯ ಗುಂಡಿಗಳನ್ನೇ ಇನ್ನಷ್ಟು ಆಳಕ್ಕೆ ಇಳಿಸಿತು. ಚಾಂಪಿಯನ್ ಪಟ್ಟಿಯ ಸಮೃದ್ಧ ಅದಿರು ಸಿಕ್ಕಿತು.

ಆಳ ಹೆಚ್ಚಿದಷ್ಟೂ ಗಣಿಯ ಹಸಿವು ಹೆಚ್ಚಿತು, ಅದನ್ನು ತಣಿಸಲು ಸುತ್ತಣ ಸೀಮೆಯೇ ದುಡಿಯಬೇಕಾಯಿತು. ಮೈಸೂರಿನ ಕಮಿಷನರ್ ಆಗಿದ್ದ ಲ್ಯೂಯಿನ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆ, ಮದ್ರಾಸು–ಬೆಂಗಳೂರು ರೈಲುದಾರಿಯ ನಿಲ್ದಾಣ. ಅಲ್ಲಿಂದ ಮಾರಿಕುಪ್ಪಕ್ಕೆ 1894ರಲ್ಲಿ ಕವಲುದಾರಿ ಬಂತು. ನೀರು ಪಾಲಾರ್ ಹೊಳೆಯ ಬೇತಮಂಗಲ ಕೆರೆಯಿಂದ ಬಂತು. ವಿದ್ಯುತ್ತು ಬಂದದ್ದು ಕಾವೇರಿಯಿಂದ: 1902ರ ಜೂನ್‌ನಲ್ಲಿ ಶಿವನಸಮುದ್ರದ ಶಕ್ತಿ ಸುಮಾರು 147 ಕಿ.ಮೀ. ತಂತಿಯಲ್ಲಿ ಹರಿದು ಗಣಿ ಮುಟ್ಟಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗಳು ಅದೇ ಬೆಳಕು ಕಾಣಲು ಇನ್ನೂ ಮೂರು ವರ್ಷ ಕಾಯಬೇಕಾಯಿತು.

ಕೂಲಿಕಾರರು ಹೆಚ್ಚಾಗಿ ಆರ್ಕಾಟು, ಚಿತ್ತೂರು ಸೀಮೆಗಳ ತಮಿಳು, ತೆಲುಗು ಮಾತಿನವರು. ಅವರಲ್ಲಿ ದಲಿತರೇ ಬಹುಪಾಲು. ಬಿದಿರು ತಟ್ಟಿಯ ಇಕ್ಕಟ್ಟಾದ ಲೈನ್ ಮನೆಗಳು ಅವರ ಪಾಲಿಗೆ, ಕ್ಲಬ್ಬು, ಬಂಗಲೆ, ತೋಟಗಳು ಅಧಿಕಾರಿಗಳ ಪಾಲಿಗೆ. ಕೆ.ಜಿ.ಎಫ್ ಅನ್ನು ‘ಪುಟ್ಟ ಇಂಗ್ಲೆಂಡ್’ ಎಂದು ಹೊಗಳುವವರು ಈ ಲೈನ್‌ಗಳನ್ನು ಮರೆಯುತ್ತಾರೆ. ಊರಿನ ನಿಜವಾದ ಸಂಸ್ಕೃತಿ ಹುಟ್ಟಿದ್ದು ಅಲ್ಲೇ. ಮುರುಗನ ಹಬ್ಬ, ಕ್ರಿಸ್‌ಮಸ್ಸು, ಮೊಹರಂ ಎಲ್ಲವೂ ಅಕ್ಕಪಕ್ಕದಲ್ಲಿ ನಡೆದವು. ತಮಿಳು ದಲಿತ ಚಿಂತಕ ಅಯೋಧಿದಾಸ ಪಂಡಿತರ ಪ್ರಭಾವದಿಂದ ಇಪ್ಪತ್ತನೆಯ ಶತಮಾನದ ಆದಿಯಲ್ಲೇ ಮಾರಿಕುಪ್ಪದಲ್ಲಿ ಬೌದ್ಧ ಸಂಘ ಬೇರೂರಿತು. ಬೆರಳಚ್ಚು ಕಡ್ಡಾಯ ಮಾಡಿದ ನೋಂದಣಿಯ ವಿರುದ್ಧ 1930ರಲ್ಲಿ ನಡೆದ ಮಹಾಮುಷ್ಕರಕ್ಕೆ ಒಗ್ಗಟ್ಟು ಒದಗಿದ್ದೂ ಈ ಲೈನ್‌ಗಳಿಂದಲೇ.

ಚಾಂಪಿಯನ್ ರೀಫ್ ಗಣಿ ಕೊನೆಗೆ ಸುಮಾರು 3.2 ಕಿ.ಮೀ. ಆಳ ಮುಟ್ಟಿತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಒತ್ತಡ ತಾಳದೆ ಬಂಡೆ ಒಮ್ಮೆಲೇ ಸಿಡಿದು ಆದ ಸಾವುಗಳು ಅನೇಕ. ಅದೇ ಆಳ ವಿಜ್ಞಾನಕ್ಕೆ ವರವಾಯಿತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜತೆಗೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು ಇಲ್ಲಿ ಹಿಡಿದರು.

ಗಣಿಗಳು 1956ರಲ್ಲಿ ಮೈಸೂರು ರಾಜ್ಯದ, 1962ರಲ್ಲಿ ಕೇಂದ್ರದ ಕೈ ಸೇರಿದವು; 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಅದಿರಿನ ಸತ್ವ ಇಳಿದು ಖರ್ಚು ಏರಿ, 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಅಷ್ಟರಲ್ಲಿ ಹೊರಬಂದಿದ್ದ ಚಿನ್ನ ಸುಮಾರು 800 ಟನ್.

ಮಣ್ಣು ಅಗೆಯುವ ಯಂತ್ರಗಳನ್ನು ತಯಾರಿಸುವ, 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಸಂಸ್ಥೆಯ ಇಲ್ಲಿನ ಕಾರ್ಖಾನೆ ಊರಿಗೆ ಇಂದಿಗೂ ಆಸರೆ. ಆದರೂ ಬಹಳಷ್ಟು ಜನ ನಸುಕಿಗೇ ಮಾರಿಕುಪ್ಪದ ರೈಲು ಹತ್ತಿ ದುಡಿಮೆಗಾಗಿ ಬೆಂಗಳೂರಿಗೆ ಹೋಗುತ್ತಾರೆ. ಬಣ್ಣವಿಲ್ಲದ ತಿಳಿನೀರಿನ ಪಾನಿಪುರಿಗೆ ಹೆಸರಾದ ಬಂಗಾರಪೇಟೆ ಈ ಓಡಾಟದ ಕೂಡುದಾಣ. ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದ ಸೈನೈಡ್ ಗುಡ್ಡಗಳು ಊರಿನ ನಡುವೆ ಹಾಗೇ ಇವೆ. ಗಾಳಿ ಬೀಸಿದಾಗ ಅವುಗಳ ಧೂಳು ಲೈನ್ ಮನೆಗಳ ಒಳಕ್ಕೂ ನುಗ್ಗುತ್ತದೆ.