ಯಾರ ಮನೆಗೆ ಯಾರು ಬರಲಿಲ್ಲ

ಊರಿನಿಂದ ಕೊಲ್ಕತ್ತಕ್ಕೆ ಬರುವ ನೆಂಟರಿಗೆಲ್ಲ ಒಂದೇ ಪಟ್ಟಿ. ಹೌರಾ ಸೇತುವೆ, ದಕ್ಷಿಣೇಶ್ವರ, ಕಾಳಿಘಾಟ್. ಹನ್ನೊಂದು ವರ್ಷಗಳಿಂದ ಸೆಕ್ಟರ್ ಫೈವ್‌ನ ಕಚೇರಿಯಲ್ಲಿ ಪ್ರಾಜೆಕ್ಟ್‌ಗಳ ಗಡುವು ಕಾಯುತ್ತ ಕೂತಿರುವ ನನಗೆ ಈ ಮೂರೂ ಜಾಗಗಳ ದಾರಿ ಬಾಯಿಪಾಠವಾಗಿದೆ. ಕಳೆದ ಚಳಿಗಾಲದಲ್ಲಿ ಸಾಗರದಿಂದ ಬಂದಿದ್ದ ಚಿಕ್ಕಪ್ಪ ಕಾಳಿಘಾಟಿನ ಗುಡಿಯ ಮುಂದೆ ನಿಂತು, "ಇದನ್ನ ಕಟ್ಟಿಸಿದ್ದು ಯಾರೋ?" ಅಂದರು. ನಾನು ರೂಢಿಯ ಉತ್ತರ ಕೊಟ್ಟೆ: ಬರಿಶಾದ ಸಾವರ್ಣ ರಾಯ್ ಚೌಧುರಿ ಜಮೀನ್ದಾರ ಮನೆತನ, 1809ರಲ್ಲಿ ಮುಗಿಯಿತು. ಚಿಕ್ಕಪ್ಪ ಅಷ್ಟಕ್ಕೆ ಬಿಡುವವರಲ್ಲ. "ದುಡ್ಡು ಎಲ್ಲಿಂದ ಬಂತು?" ಎಂದರು. ಜಮೀನ್ದಾರರಲ್ಲವೇ, ಇದ್ದೇ ಇರುತ್ತದೆ ಎಂದು ಹಾರಿಸಿದೆ.

ಆಮೇಲೆ ಆ ಪ್ರಶ್ನೆ ಹಿಡಿದು ಹೋದಾಗ ಸಿಕ್ಕ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಭಕ್ತಿಯ ಕಥೆಯಲ್ಲ. ಒಬ್ಬನ ಮನೆಯ ಶ್ರಾದ್ಧಕ್ಕೆ ಯಾರು ಬರಬೇಕು, ಯಾರು ಬರಬಾರದು ಎಂಬ ಜಗಳದ ಕಥೆ.

ಮೊದಲು ಆ ಕಾಲದ ಕೊಲ್ಕತ್ತವನ್ನು ನೆನಪಿಸಿಕೊಳ್ಳಬೇಕು. 1698ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸುತಾನುಟಿ, ಕಲಿಕಾತ, ಗೋಬಿಂದಪುರ ಎಂಬ ಮೂರು ಹಳ್ಳಿಗಳ ಹಕ್ಕನ್ನು ಇದೇ ಸಾವರ್ಣ ಮನೆತನದಿಂದ 1,300 ರೂಪಾಯಿಗೆ ಪಡೆಯಿತು. ನೂರು ವರ್ಷದೊಳಗೆ ಅದು ಮಹಾನಗರವಾಯಿತು. ಹಾಗೆ ಬೆಳೆದ ಊರಿನಲ್ಲಿ ಬಹುತೇಕ ಎಲ್ಲರೂ ವಲಸಿಗರೇ. ನಮ್ಮ ಹಾಗೆ. ಹಡಗಿನ ಲೆಕ್ಕ ಬರೆಯುವವರು, ದುಭಾಷಿಗಳು, ಬಿಳಿಯರ ವ್ಯಾಪಾರಕ್ಕೆ ಬಂಡವಾಳ ಹೊಂದಿಸುವ ಬನಿಯಾನ್‌ಗಳು. ಹಳ್ಳಿಯಲ್ಲಿ ಯಾರು ದೊಡ್ಡವರು ಎಂದು ಕೇಳಬೇಕಾದ್ದಿಲ್ಲ. ತಲೆಮಾರುಗಳ ಹಿಂದೆಯೇ ತೀರ್ಮಾನವಾಗಿರುತ್ತದೆ. ಇಲ್ಲಿ ಹಾಗಲ್ಲ. ನಿನ್ನೆ ಗುಮಾಸ್ತನಾಗಿದ್ದವನು ಇವತ್ತು ಲಕ್ಷಾಧೀಶ. ಅವನಿಗೆ ದುಡ್ಡು ಬಂದಿದೆ, ಆದರೆ ತಾನು ದೊಡ್ಡವನು ಎಂದು ನಾಲ್ಕು ಜನ ಒಪ್ಪಬೇಕಲ್ಲ?

ಒಪ್ಪಿಸುವ ದಾರಿಗಳನ್ನು ಅವರು ಹುಡುಕಿಕೊಂಡರು. ಶೋಭಾಬಜಾರಿನ ನಬಕೃಷ್ಣ ದೇಬ್ ಕ್ಲೈವನ ಮುನ್ಷಿಯಾಗಿದ್ದವರು. ಪ್ಲಾಸಿ ಕದನವಾದ 1757ರಲ್ಲೇ ಅವರ ಮನೆಯ ದುರ್ಗಾಪೂಜೆ ಶುರುವಾಯಿತು, ಅದಕ್ಕೆ ಕ್ಲೈವ್ ಬಂದಿದ್ದ ಎಂದು ಇವತ್ತಿಗೂ ಹೇಳುತ್ತಾರೆ. ತಾಯಿಯ ಶ್ರಾದ್ಧಕ್ಕೆ ಅವರು ಲಕ್ಷಗಟ್ಟಲೆ ಸುರಿದದ್ದು ಊರಿನ ದಂತಕಥೆ. ಜಾತಿ ವ್ಯಾಜ್ಯಗಳನ್ನು ತೀರ್ಮಾನಿಸಲು ಕಂಪನಿ ಕಾಲದಲ್ಲಿ ಜಾತಿಮಾಲಾ ಕಚೇರಿ ಎಂಬುದಿತ್ತು. ಅದರ ಮೇಲ್ವಿಚಾರಣೆಯೂ ಒಂದು ಕಾಲದಲ್ಲಿ ನಬಕೃಷ್ಣರ ಕೈಯಲ್ಲಿತ್ತು. ಕಂಪನಿಯ ಮುನ್ಷಿ ಜಾತಿಯ ನ್ಯಾಯಾಧೀಶನಾದ.

ಇಂಥ ಪ್ರತಿಯೊಬ್ಬ ದೊಡ್ಡ ಮನುಷ್ಯನ ಸುತ್ತ ಒಂದು 'ದಲ', ಅಂದರೆ ಬಣ. ಅದರ ಯಜಮಾನ 'ದಲಪತಿ'. ದಲದ ಕೆಲಸ ತೀರಾ ಸರಳ: ಯಾರ ಮದುವೆಗೆ, ಯಾರ ಶ್ರಾದ್ಧಕ್ಕೆ ನಮ್ಮವರು ಹೋಗುತ್ತಾರೆ, ಯಾರ ಮನೆಗೆ ಹೋಗುವುದಿಲ್ಲ ಎಂಬುದನ್ನು ನಿರ್ಧರಿಸುವುದು. ಸಭೆಯಲ್ಲಿ ಮೊದಲ ಹಾರ, ಮೊದಲ ಗಂಧ ಯಾರಿಗೆ ಎಂಬುದಕ್ಕೆ 'ಮಾಲಾಚಂದನ' ಎನ್ನುತ್ತಿದ್ದರು. ಅದಕ್ಕಾಗಿ ವರ್ಷಗಟ್ಟಲೆ ಜಗಳ ನಡೆಯುತ್ತಿತ್ತು. ಮಲೆನಾಡಿನಲ್ಲಿ ಹುಟ್ಟಿದ ನನಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಮೊದಲ ವೀಳ್ಯ ಯಾರ ಕೈಗೆ ಬಂತು ಎನ್ನುವುದರ ಮೇಲೆ ಎರಡು ಮನೆಗಳು ಮಾತು ಬಿಟ್ಟಿದ್ದನ್ನು ನೋಡಿಕೊಂಡೇ ಬೆಳೆದವನು ನಾನು.

ದಲದಿಂದ ಹೊರಗೆ ಹಾಕಿಸಿಕೊಂಡವನನ್ನು ಬಂಗಾಳಿಯಲ್ಲಿ 'ಎಕ್‌ಘರೆ' ಎನ್ನುತ್ತಾರೆ. ಒಂಟಿಮನೆಯವನು. ಅವನನ್ನು ಯಾರೂ ಹೊಡೆಯುವುದಿಲ್ಲ, ಅವನ ಆಸ್ತಿ ಮುಟ್ಟುವುದಿಲ್ಲ. ಅವನು ಕರೆದರೆ ಬರುವುದಿಲ್ಲ, ಅಷ್ಟೇ.

ಕಾಳಿಪ್ರಸಾದ್ ದತ್ತನಿಗೆ ಆದದ್ದು ಇದೇ. ಹಾಟ್‌ಖೋಲಾದ ದತ್ತರೂ ಶೋಭಾಬಜಾರಿನ ದೇಬ್‌ಗಳೂ ಹಳೆಯ ಪ್ರತಿಸ್ಪರ್ಧಿಗಳು. ಕಾಳಿಪ್ರಸಾದನ ತಂದೆ ಚೂಡಾಮಣಿ ದತ್ತ ಸಾಯುವ ಹೊತ್ತಿನಲ್ಲಿ ಗಂಗೆಯ ದಡಕ್ಕೆ ಡೋಲು ಬಾರಿಸಿಕೊಂಡು ಮೆರವಣಿಗೆಯಲ್ಲಿ ಹೋದನಂತೆ, ಹಾಸಿಗೆಯಲ್ಲೇ ಪ್ರಾಣ ಬಿಟ್ಟ ನಬಕೃಷ್ಣನಿಗಿಂತ ತನ್ನ ಸಾವು ದೊಡ್ಡದು ಎಂದು ತೋರಿಸಲು. ಇದು ಊರವರು ಉಪ್ಪುಖಾರ ಹಚ್ಚಿ ಹೇಳಿದ ಕಥೆಯೂ ಇರಬಹುದು. ಆದರೆ ಸಾಯುವ ಗಳಿಗೆಯಲ್ಲೂ ನೋಡುವವರು ಬೇಕು ಎಂಬ ಆಸೆಯನ್ನು ಆ ಊರು ಅಸಹಜ ಎಂದುಕೊಳ್ಳಲಿಲ್ಲ ಎನ್ನುವುದು ಮುಖ್ಯ.

ತಂದೆಯ ಶ್ರಾದ್ಧ ಬಂತು. ಎದುರು ಬಣ ಕಾಯುತ್ತಿತ್ತು. ಕಾಳಿಪ್ರಸಾದ್ ಒಬ್ಬ ಮುಸ್ಲಿಂ ಹೆಂಗಸಿನ ಜೊತೆ ಸಂಬಂಧ ಇಟ್ಟುಕೊಂಡಿದ್ದಾನೆ, ಅವಳ ಮನೆಯಲ್ಲಿ ಉಂಡಿದ್ದಾನೆ, ಜಾತಿ ಕೆಟ್ಟಿದೆ ಎಂಬ ಆರೋಪ ಎದ್ದಿತು. ಅದು ಅವತ್ತು ಹೊಸದಾಗಿ ಗೊತ್ತಾದ ಸಂಗತಿಯೇನಲ್ಲ. ಅಂಥ ಸಂಬಂಧಗಳು ಆ ಕಾಲದ ಸಿರಿವಂತರಲ್ಲಿ ಅಪರೂಪವೂ ಅಲ್ಲ. ಆದರೆ ಶ್ರಾದ್ಧವೆಂದರೆ ಬ್ರಾಹ್ಮಣರು ಬಂದು ಕೂರಲೇಬೇಕಾದ ದಿನ, ಯಾರು ಬಂದರು ಯಾರು ಬರಲಿಲ್ಲ ಎಂಬುದು ಎದ್ದು ಕಾಣುವ ದಿನ. ಅದಕ್ಕೇ ಆ ದಿನವನ್ನು ಆರಿಸಿದರು. ಊರಿನ ಬ್ರಾಹ್ಮಣರು ಹಿಂಜರಿದರು. ಊರು ಇದಕ್ಕೆ 'ಕಾಳಿಪ್ರಸಾದಿ ಹಂಗಾಮ' ಎಂದೇ ಹೆಸರಿಟ್ಟಿತು. ಹಂಗಾಮ ಎಂದರೆ ಗಲಾಟೆ.

ಕಾಳಿಪ್ರಸಾದನ ಬೆನ್ನಿಗೆ ನಿಂತವರು ರಾಮದುಲಾಲ್ ದೇ. ಇವರದೂ ಹೇಳಬೇಕಾದ ಕಥೆಯೇ. ಹಾಟ್‌ಖೋಲಾದ ಮದನಮೋಹನ ದತ್ತರ ಮನೆಯಲ್ಲಿ ಅನ್ನ ತಿಂದು ಬೆಳೆದ ಬಡ ಹುಡುಗ, ಆಮೇಲೆ ಅಲ್ಲಿಯೇ ಸಣ್ಣ ಸಂಬಳದ ಗುಮಾಸ್ತ. ಮುಳುಗಿದ ಹಡಗೊಂದನ್ನು ಹರಾಜಿನಲ್ಲಿ 14,000 ರೂಪಾಯಿಗೆ ಯಜಮಾನರ ಹಣದಲ್ಲಿ ಕೊಂಡು, ಅಲ್ಲೇ ಸುಮಾರು ಒಂದು ಲಕ್ಷಕ್ಕೆ ಮಾರಿ, ಪೂರ್ತಿ ಲಾಭ ತಂದು ಯಜಮಾನರ ಮುಂದಿಟ್ಟರು. ಯಜಮಾನರು ಅದು ನಿನ್ನದೇ ಎಂದು ಕೊಟ್ಟುಬಿಟ್ಟರು. ಅಲ್ಲಿಂದ ರಾಮದುಲಾಲ್ ಅಮೆರಿಕದ ವ್ಯಾಪಾರಿಗಳಿಗೆ ಬಂಗಾಳದಲ್ಲಿ ಬಲಗೈಯಾದರು. 1801ರಲ್ಲಿ ಆ ವ್ಯಾಪಾರಿಗಳು ಮೆಚ್ಚುಗೆಗೆಂದು ಜಾರ್ಜ್ ವಾಷಿಂಗ್ಟನ್ನನ ದೊಡ್ಡ ತೈಲಚಿತ್ರವನ್ನೇ ಅವರಿಗೆ ಕಳುಹಿಸಿದರು. ಅಮೆರಿಕದ ಗ್ರಾಹಕರು ಹೊಗಳಿ ಬರೆದ ಎರಡು ಸಾಲಿನ ಮೇಲ್‌ಗಳನ್ನು ಜೋಪಾನ ಮಾಡಿಟ್ಟುಕೊಳ್ಳುವ ನನ್ನಂಥವರ ಮೂಲಪುರುಷ ಅವರು ಎನ್ನಬಹುದು.

ರಾಮದುಲಾಲ್ ಬರಿಶಾದ ಸಂತೋಷ್ ರಾಯ್ ಚೌಧುರಿಯವರ ಸಹಾಯ ಪಡೆದರು. ಅವರು ಹಳೆಯ ಜಮೀನ್ದಾರರು, ಬ್ರಾಹ್ಮಣರು, ಹೊಸ ದುಡ್ಡಿನ ದಲಪತಿಗಳ ಹಂಗಿಲ್ಲದವರು. ಅವರು ತಮ್ಮ ಕಡೆಯ ಬ್ರಾಹ್ಮಣರನ್ನು ಕರೆದುಕೊಂಡು ಬಂದು ಕೂತರು. ಶ್ರಾದ್ಧ ನಡೆಯಿತು. ಬಂದವರ ದಕ್ಷಿಣೆಗೆಂದು 25,000 ರೂಪಾಯಿ ಕೈ ಸೇರಿತು. ಜಾತಿ ಕೆಟ್ಟವನ ಮನೆಯ ದುಡ್ಡು ಹಂಚಿಕೊಂಡರು ಎಂಬ ಮಾತು ಬರುವುದು ಬೇಡವೆಂದು ಸಂತೋಷ್ ರಾಯ್ ಆ ಹಣವನ್ನು ಕಾಳಿಘಾಟಿನ ಹೊಸ ಗುಡಿಗೆ ತಿರುಗಿಸಿದರು ಎಂದು ಹಳೆಯ ವೃತ್ತಾಂತಗಳು ಹೇಳುತ್ತವೆ. ಗುಡಿಗೆ ತಗುಲಿದ ಒಟ್ಟು ಖರ್ಚು 30,000 ಎಂದು ಹೇಳುವುದುಂಟು. ಗುಡಿ ಮುಗಿಯುವ ಹೊತ್ತಿಗೆ ಸಂತೋಷ್ ರಾಯ್ ಇರಲಿಲ್ಲ, ಮನೆತನದವರು ಪೂರ್ತಿ ಮಾಡಿದರು.

ಇದೆಲ್ಲ ಆದ ಮೇಲೆ ರಾಮದುಲಾಲ್, ಜಾತಿ ಇರುವುದು ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಎಂಬರ್ಥದ ಮಾತಾಡಿದರಂತೆ. ಆ ಮಾತು ಕೊಲ್ಕತ್ತದಲ್ಲಿ ಗಾದೆಯ ಹಾಗೆ ಉಳಿಯಿತು.

ಈ ಕಥೆ ಓದುತ್ತಿದ್ದಾಗ ಯಾವ ಕನ್ನಡಿಗನಿಗೂ ನೆನಪಾಗುವುದು ನನಗೂ ಆಯಿತು. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂತು. ಅಲ್ಲಿ ನಾರಣಪ್ಪನ ಹೆಣ, ಇಲ್ಲಿ ಚೂಡಾಮಣಿಯ ಶ್ರಾದ್ಧ. ಅಲ್ಲಿ ಚಂದ್ರಿ ತೆಗೆದಿಟ್ಟ ಬಂಗಾರ, ಇಲ್ಲಿ 25,000 ರೂಪಾಯಿ. ಎರಡೂ ಕಡೆ ದುಡ್ಡು ಕಣ್ಣಿಗೆ ಬಿದ್ದ ಮೇಲೆ ಶಾಸ್ತ್ರದ ಅರ್ಥ ಸಡಿಲವಾಗುತ್ತದೆ. ಒಂದು ವ್ಯತ್ಯಾಸವಿದೆ. ದೂರ್ವಾಸಪುರದಲ್ಲಿ ಚಂದ್ರಿ ಎದ್ದು ಹೋಗಿ ತಾನೇ ಸಂಸ್ಕಾರದ ವ್ಯವಸ್ಥೆ ಮಾಡಿಬಿಡುತ್ತಾಳೆ. ಕಾಳಿಪ್ರಸಾದಿ ಹಂಗಾಮದಲ್ಲಿ ಆ ಮುಸ್ಲಿಂ ಹೆಂಗಸು ಬರೀ ಒಂದು ಆರೋಪ. ಗಂಡಸರ ಎರಡು ಬಣಗಳು ಅವಳ ಹೆಸರಿನಲ್ಲಿ ಜಗಳವಾಡಿದವು, ಇತ್ಯರ್ಥ ಮಾಡಿಕೊಂಡವು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಇದನ್ನು ಶ್ರೀಮಂತರ ಹುಚ್ಚಾಟ ಎಂದು ನಗುವುದು ಸುಲಭ. ರಾಮದುಲಾಲರ ಮಕ್ಕಳಾದ ಛಾತು ಬಾಬು, ಲಾಟು ಬಾಬು ಬುಲ್‌ಬುಲ್ ಹಕ್ಕಿಗಳ ಕಾಳಗಕ್ಕೆ ಹೆಸರಾದವರು, ಅಲ್ಲಿ ನಗಬಹುದು. ಆದರೆ ಅದೇ ದಲಗಳ ಬಲ ಹಕ್ಕಿ ಕಾಳಗಕ್ಕೆ ಮುಗಿಯಲಿಲ್ಲ. 1829ರ ಡಿಸೆಂಬರಿನಲ್ಲಿ ಬೆಂಟಿಂಕ್ ಸತಿ ಪದ್ಧತಿಯನ್ನು ನಿಷೇಧಿಸಿದಾಗ, ಅದರ ವಿರುದ್ಧ 1830ರ ಜನವರಿಯಲ್ಲಿ ಧರ್ಮಸಭೆ ಹುಟ್ಟಿತು. ನಬಕೃಷ್ಣರ ಮನೆತನದ ರಾಧಾಕಾಂತ ದೇಬ್ ಅದರ ಮುಂದಾಳು. ಹಲವು ದಲಪತಿಗಳು ಅಲ್ಲಿ ಒಟ್ಟಾದರು. ಸತಿ ನಿಷೇಧವನ್ನು ಬೆಂಬಲಿಸಿದವರ ಜೊತೆ ಊಟ, ಸಂಬಂಧ ಬೇಡ ಎಂದು ಕಟ್ಟು ಮಾಡಿದರು. ಶ್ರಾದ್ಧದ ಪಂಕ್ತಿಯಲ್ಲಿ ಪಳಗಿದ ಆಯುಧವನ್ನು ಈಗ ಹೆಂಗಸರ ಪ್ರಾಣದ ಪ್ರಶ್ನೆಯಲ್ಲಿ ಎತ್ತಿಕೊಂಡರು. ಅವರ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ 1832ರಲ್ಲಿ ಬಿದ್ದುಹೋಯಿತು. ಕಾನೂನು ಗೆದ್ದಿತು. ಆದರೆ ನಡುವಿನ ಆ ಎರಡು ವರ್ಷ ಎಷ್ಟು ಜನ ಮನಸ್ಸಿನಲ್ಲಿ ಒಪ್ಪಿದ್ದರೂ ಬಾಯಿ ಮುಚ್ಚಿಕೊಂಡಿದ್ದಾರು? ಮಗಳ ಮದುವೆ ಎದುರಿಗಿದ್ದರೆ ಯಾರು ತಾನೇ ಒಂಟಿಮನೆಯವರಾಗಲು ತಯಾರಿರುತ್ತಾರೆ?

ನಗುವವರೂ ಆ ಊರಿನಲ್ಲಿದ್ದರು. ಇದೇ ಕಾಳಿಘಾಟಿನ ಗುಡಿಯ ಸುತ್ತಲಿನ ಓಣಿಗಳಲ್ಲಿ ಪಟುವಾ ಚಿತ್ರಕಾರರು ಅಂಗಡಿ ಹಾಕಿದ್ದರು. ಗಿರಣಿಯ ಅಗ್ಗದ ಕಾಗದದ ಮೇಲೆ ದಪ್ಪ ಕುಂಚದ ನಾಲ್ಕು ಎಳೆತಗಳಲ್ಲಿ ಕಾಳಿ, ದುರ್ಗೆಯರನ್ನು ಬರೆದು ಯಾತ್ರಿಕರಿಗೆ ಕಾಸಿಗೊಂದರಂತೆ ಮಾರುತ್ತಿದ್ದರು. ದೇವರ ಪಕ್ಕದಲ್ಲೇ ಬಾಬುಗಳನ್ನೂ ಬರೆದರು. ಬೈತಲೆ ತೆಗೆದ ಕೂದಲು, ಮಡಿಕೆಯ ಧೋತಿ, ಬಕಲಿನ ಬೂಟು, ಕೈಯಲ್ಲಿ ಹುಕ್ಕಾ. ಹೆಂಗಸೊಬ್ಬಳು ಹಗ್ಗ ಕಟ್ಟಿ ಎಳೆದೊಯ್ಯುವ ಕುರಿಗೆ ಬಾಬುವಿನ ಮುಖ. ಹಣೆಗೆ ನಾಮ ಹಾಕಿಕೊಂಡು ಬಾಯಲ್ಲಿ ಸೀಗಡಿ ಕಚ್ಚಿಕೊಂಡ ಬೆಕ್ಕು. ಹಂಗಾಮದ ದುಡ್ಡಿನಿಂದ ಎದ್ದಿತೆನ್ನುವ ಗುಡಿಯ ನೆರಳಲ್ಲಿ ಕೂತು ಪಟುವಾಗಳು ಹಂಗಾಮ ಮಾಡುವವರ ಚಿತ್ರ ಬರೆದರು. ಮಾಲಾಚಂದನದ ಸರದಿಯಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಕಳೆದುಕೊಳ್ಳುವ ಭಯವೂ ಇರಲಿಲ್ಲ.

ನನಗೆ ಆ ಭಯವಿತ್ತು. ಅದನ್ನು ಹೇಳದೆ ಈ ಲೇಖನ ಮುಗಿಸುವುದು ಸರಿಯಲ್ಲ.

ಕೆಲವು ವರ್ಷಗಳ ಹಿಂದೆ ಇಲ್ಲಿ ನಮ್ಮದೊಂದು ಸಣ್ಣ ಕನ್ನಡ ಗುಂಪಿತ್ತು. ಮೂವತ್ತರಷ್ಟು ಮನೆಗಳು. ರಾಜ್ಯೋತ್ಸವದ ದಿನ ಅತಿಥಿಗೆ ಶಾಲು ಹೊದಿಸುವವರು ಯಾರು ಎಂಬಲ್ಲಿ ಶುರುವಾದ ಮಾತು ಹಳೆಯ ಲೆಕ್ಕಪತ್ರಕ್ಕೆ ಹೋಯಿತು. ಲೆಕ್ಕ ಕೇಳಿದವರು ಒಬ್ಬರೇ. ಅವರಿಗೆ ಯಾರೂ ಬೈಯಲಿಲ್ಲ. ಮುಂದಿನ ಯುಗಾದಿಗೆ ಅವರನ್ನು ಕರೆಯಲಿಲ್ಲ. ಅದರ ಮುಂದಿನ ಗಣಪತಿಗೂ ಕರೆಯಲಿಲ್ಲ. ಅವರು ಕೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ನಾನು ಆಗ ಕಾರ್ಯಕ್ರಮದ ನಿರೂಪಕ. ಮೈಕು ನನ್ನ ಕೈಯಲ್ಲಿರುತ್ತಿತ್ತು, ಮೊದಲ ಸಾಲಿನಲ್ಲಿ ನನ್ನ ಹೆಂಡತಿ ಮಕ್ಕಳಿಗೆ ಕುರ್ಚಿ ಇರುತ್ತಿತ್ತು. ಅದು ಇಷ್ಟು ದೊಡ್ಡ ಆಸೆ ಎಂದು ನನಗೇ ಗೊತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಅವರ ತಾಯಿ ಇಲ್ಲೇ ತೀರಿಕೊಂಡರು. ಕಿಯೊರಾತಲಾ ಘಾಟಿನಲ್ಲಿ ಸಂಸ್ಕಾರ, ಕಾಳಿಘಾಟಿನಿಂದ ನಡೆದು ಹೋಗುವಷ್ಟು ಹತ್ತಿರ. ಸುದ್ದಿ ಎಲ್ಲರಿಗೂ ತಲುಪಿತ್ತು. ಮೂವತ್ತು ಮನೆಗಳಿಂದ ಹೋದವರು ನಾಲ್ಕು ಜನ. ನಾನು ಹೋಗಲಿಲ್ಲ. ಅವತ್ತು ರಿಲೀಸ್ ಇತ್ತು ಎಂದು ಹೆಂಡತಿಗೆ ಹೇಳಿದೆ. ರಿಲೀಸ್ ಇದ್ದದ್ದು ನಿಜ. ಒಂದು ಗಂಟೆ ನಾನಿಲ್ಲದಿದ್ದರೂ ಅದು ನಡೆಯುತ್ತಿತ್ತು ಎನ್ನುವುದೂ ನಿಜ. ಹೋದ ನಾಲ್ವರಲ್ಲಿ ಒಬ್ಬನಾಗಿ ನಾನು ಕಾಣಿಸಿಕೊಳ್ಳಲು ಹೆದರಿದ್ದೆ.

ಹಾಗಾಗಿ ಕಾಳಿಪ್ರಸಾದಿ ಹಂಗಾಮದಲ್ಲಿ ನಾನು ಯಾರು ಎಂದು ಹುಡುಕಿಕೊಂಡರೆ ಸಿಗುವುದು ದಲಪತಿಯಲ್ಲ, ರಾಮದುಲಾಲರಂತೂ ಅಲ್ಲ. ಬಾಗಿಲ ಸಂದಿಯಿಂದ ಬೀದಿ ನೋಡುತ್ತ, ಉಳಿದವರು ಹೊರಟರೆ ಹೋಗೋಣ ಎಂದು ಮನೆಯಲ್ಲೇ ಕೂತ ಒಬ್ಬ. ದಲಪತಿಗಳ ಬಲವೆಲ್ಲ ಹೀಗೆ ಕೂತವರದೇ ಆಗಿತ್ತು. ನೂರು ಜನ ಎದ್ದು ಹೋಗಿಬಿಟ್ಟಿದ್ದರೆ ಕಾಳಿಪ್ರಸಾದನಿಗೆ 25,000 ರೂಪಾಯಿಯೂ ಬೇಕಾಗುತ್ತಿರಲಿಲ್ಲ.

ಆ ಗುಂಪು ಈಗ ಇಲ್ಲ. ಯಾರೋ ಬೆಂಗಳೂರಿಗೆ ಮರಳಿದರು, ಯಾರೋ ಹೈದರಾಬಾದಿಗೆ. ಅವರು ಮಾತ್ರ ಇಲ್ಲೇ ಇದ್ದಾರೆ, ದಕ್ಷಿಣ ಕೊಲ್ಕತ್ತದಲ್ಲಿ. ಕಳೆದ ತಿಂಗಳು ಫೋನ್ ಮಾಡಿದೆ. ತಾಯಿಯ ತಿಥಿ ಯಾವಾಗ ಎಂದು ಕೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ದಿನಾಂಕ ಹೇಳಿ, "ಹನ್ನೊಂದೂವರೆಗೆ ಊಟ, ಲೇಟ್ ಮಾಡಬೇಡಿ" ಅಂದರು.