ಹಳೆಯ ಜೊತೆಗಾರ ಒಲ್ಲೆ ಎಂದಾಗ

ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಆಟಗಾರನ ಜೊತೆ ನಡೆಯುವ ಸಂಗಾತಿಯ ನಿಷ್ಠೆ ಮೊದಲು ಕಾಣಿಸಿಕೊಂಡದ್ದು ಕೂಲಿಯ ಲೆಕ್ಕದಲ್ಲಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಿಂದ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮೇಜಿನ ಸುತ್ತ ಕೂತು ಆಡುವ ಆಟ. ಅದರ ಬೇರು 1971ರ 'ಚೈನ್‌ಮೇಲ್' ಎಂಬ ಯುದ್ಧದಾಟದಲ್ಲಿತ್ತು. ಪುಟಾಣಿ ಸೈನಿಕ ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿ ಆಡುವ ಆ ಆಟದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಏಟು ಬಿದ್ದಾಗ ಈ ತುಕಡಿ ನಿಲ್ಲುತ್ತದೋ, ಓಡುತ್ತದೋ? ಅದೇ ಪ್ರಶ್ನೆ ಹೊಸ ಆಟಕ್ಕೂ ಬಂತು. ಪಾತ್ರದ ವರ್ಚಸ್ಸಿಗೆ ಒಂದು ಅಂಕ. ಆ ಅಂಕವನ್ನು ಒಂದು ಕೋಷ್ಟಕದಲ್ಲಿ ನೋಡಿ ಎಷ್ಟು ಆಳುಗಳನ್ನು ಇಟ್ಟುಕೊಳ್ಳಬಹುದು, ಅವರ ನಿಷ್ಠೆ ಎಷ್ಟು ಎಂದು ತೀರ್ಮಾನ. ವರ್ಚಸ್ಸು ಹದಿನೆಂಟಾದರೆ ಹನ್ನೆರಡು ಆಳು. ಹಳಗನ್ನಡ ಕಾವ್ಯದ ಓದುಗರು ಬಲ್ಲ ಜೋಳದ ಪಾಳಿಗೆ, ಅಂದರೆ ಉಂಡ ಅನ್ನದ ಋಣಕ್ಕೆ, ಇದು ಹತ್ತಿರದ ನಂಟು, ಆದರೆ ಒಂದು ದೊಡ್ಡ ಕೊರತೆಯೊಡನೆ. ದುರ್ಯೋಧನನ ಅನ್ನ ಉಂಡ ಕರ್ಣನ ಋಣ ನಮ್ಮನ್ನು ಇಂದಿಗೂ ಕಲಕುವುದು ಅವನಿಗೆ ಬಿಟ್ಟುಹೋಗುವ ದಾರಿ ತೆರೆದಿತ್ತು ಎಂಬ ಕಾರಣಕ್ಕೆ. ಪಾಂಡವರ ಬದಿಯಲ್ಲಿ ಒಡಹುಟ್ಟಿದವರಿದ್ದರು, ರಾಜ್ಯವಿತ್ತು. ಕೋಷ್ಟಕದ ಆಳಿಗೆ ಅಂಥ ಇನ್ನೊಂದು ಬದಿಯೇ ಇರಲಿಲ್ಲ. ಓಡಿದರೆ ಹೆದರಿ ಓಡಿದ, ಉಳಿದರೆ ದಾಳದ ಕೃಪೆಯಿಂದ ಉಳಿದ. ಈ ಆಟಗಳು ಆ ಕೊರತೆಯನ್ನು ತುಂಬಿಕೊಳ್ಳಲು ಕಾಲು ಶತಮಾನ ತೆಗೆದುಕೊಂಡವು. ಕೊನೆಗೆ ತುಂಬಿಕೊಂಡದ್ದು ಹೊಸ ಸಂಗಾತಿಯಿಂದಲ್ಲ, ಹಳೆಯ ಸಂಗಾತಿಯಿಂದ ಎಂಬುದು ನನ್ನ ವಾದ.

ಕಂಪ್ಯೂಟರಿಗೆ ಬಂದಾಗ ಮೊದಲು ಆ ಕೋಷ್ಟಕದ ನಿಷ್ಠೆಯೂ ಕಳೆದುಹೋಯಿತು. 1981ರ 'ವಿಝರ್ಡ್ರಿ'ಯಲ್ಲಿ ಆರು ಜನರ ತಂಡವನ್ನು ಆಟಗಾರನೇ ಹೆಸರಿಟ್ಟು ಕಟ್ಟುತ್ತಾನೆ. ಒಳ್ಳೆಯವರು, ಕೆಟ್ಟವರು ಎಂಬ ವಿಂಗಡಣೆ ಇತ್ತಾದರೂ ಅದು ಪಾನಗೃಹದಲ್ಲಿ ತಂಡ ಸೇರಿಸುವಾಗಿನ ಅಡ್ಡಿ ಮಾತ್ರ. ಒಳಗೆ ಹೋದಮೇಲೆ ಯಾರೂ ಯಾರನ್ನೂ ಪ್ರಶ್ನಿಸುವುದಿಲ್ಲ. ಮರುವರ್ಷದ ಎರಡನೆಯ ಭಾಗಕ್ಕೆ ಮೊದಲ ಭಾಗದ ತಂಡವನ್ನೇ ಹೊತ್ತು ತರಬೇಕಿತ್ತು. ಗಮನಿಸಬೇಕಾದ ಏರ್ಪಾಟು ಇದು, ಮುಂದೆ ಮತ್ತೆ ಎದುರಾಗುತ್ತದೆ. ಆದರೆ ಹೊತ್ತು ತಂದದ್ದು ಬಲವನ್ನು, ನೆನಪನ್ನಲ್ಲ. 1985ರ 'ಅಲ್ಟಿಮಾ' ನಾಲ್ಕನೆಯ ಭಾಗದಲ್ಲಿ ರಿಚರ್ಡ್ ಗ್ಯಾರಿಯಟ್ ಆಟಗಾರನ ನಡತೆಯನ್ನೇ ಎಂಟು ಸದ್ಗುಣಗಳಿಂದ ತೂಗಿದರು. ಅಷ್ಟು ದಿಟ್ಟ ಆಟದಲ್ಲೂ ಸಂಗಾತಿಗಳು ಸದ್ಗುಣದ ಪ್ರತಿನಿಧಿಗಳಾಗಿ ಹಿಂದೆ ನಡೆದರೇ ಹೊರತು ತಿರುಗಿ ಕೇಳಲಿಲ್ಲ. ಜಪಾನಿನ ಸ್ಕ್ವೇರ್ ಕಂಪನಿಯ 1991ರ 'ಫೈನಲ್ ಫ್ಯಾಂಟಸಿ' ನಾಲ್ಕನೆಯ ಭಾಗ ಸ್ನೇಹದ್ರೋಹವನ್ನು ಕಥೆಯ ನಡುವಿಗೇ ತಂದಿತು. ನಾಯಕ ಸೆಸಿಲ್‌ನ ಗೆಳೆಯ ಕೇನ್ ಎರಡು ಸಲ ಕೈಕೊಡುತ್ತಾನೆ. ಅವನ ಎದೆಯಲ್ಲಿ ಹೊಟ್ಟೆಕಿಚ್ಚು ಇತ್ತು ನಿಜ, ಆದರೆ ದ್ರೋಹದ ಹೊಣೆಯನ್ನು ಆಟ ಬಹುಪಾಲು ಖಳನ ಮಾಯೆಯ ತಲೆಗೆ ಕಟ್ಟುತ್ತದೆ. ಮರಳಿ ಬಂದ ಕೇನನನ್ನು ನಂಬಬೇಕೇ ಎಂದು ಆಟಗಾರನನ್ನು ಯಾರೂ ಕೇಳುವುದಿಲ್ಲ. ಕಥೆ ನಂಬಿತು, ಆದ್ದರಿಂದ ನೀವೂ ನಂಬಬೇಕು.

ಬಿಟ್ಟುಹೋಗುವ ಹಕ್ಕನ್ನು ಸಂಗಾತಿಗೆ ಎದ್ದುಕಾಣುವಂತೆ ಕೊಟ್ಟದ್ದು ಕೆನಡಾದ ಎಡ್ಮಂಟನ್‌ನ ಬಯೋವೇರ್ 1998ರಲ್ಲಿ ತಂದ 'ಬಾಲ್ಡರ್ಸ್ ಗೇಟ್'. ನಾಯಕನ ಹೆಸರು ಕೆಟ್ಟರೆ ಒಳ್ಳೆಯವರು ಹೊರಡುತ್ತಾರೆ, ಹೆಸರು ತೀರಾ ಒಳ್ಳೆಯದಾದರೆ ದುಷ್ಟರು ಹೊರಡುತ್ತಾರೆ. ಒಬ್ಬರಿಗೊಬ್ಬರು ಆಗದವರು ತಂಡದೊಳಗೇ ಕತ್ತಿ ಹಿರಿಯುತ್ತಾರೆ. ಇದು ದೊಡ್ಡ ಹೆಜ್ಜೆಯೇ. ಆದರೂ ಇಲ್ಲಿ ಸಂಗಾತಿ ತೂಗುವುದು ಊರವರ ಬಾಯಲ್ಲಿರುವ ನಿಮ್ಮ ಹೆಸರನ್ನು. ನೀವು ಅವನಿಗೇ ಏನು ಮಾಡಿದಿರಿ ಎಂಬುದು ಆ ತಕ್ಕಡಿಗೆ ಬೀಳುವುದು ಅಪರೂಪ.

ಆ ಪ್ರಶ್ನೆಯನ್ನು ಪೂರ್ತಿ ಬಿಚ್ಚಿಟ್ಟ ಆಟ ಮರುವರ್ಷವೇ ಬಂತು. ಬ್ಲ್ಯಾಕ್ ಐಲ್ ಸ್ಟುಡಿಯೋಸ್ ತಯಾರಿಸಿದ, ಕ್ರಿಸ್ ಅವೆಲೋನ್ ಮುಖ್ಯ ಬರಹಗಾರರಾಗಿದ್ದ 'ಪ್ಲೇನ್‌ಸ್ಕೇಪ್: ಟಾರ್ಮೆಂಟ್' ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ನಡುಗಂಬ. ನಾಯಕನಿಗೆ ಹೆಸರಿಲ್ಲ, ಸಾವಿಲ್ಲ. ಸತ್ತು ಎದ್ದು ಹಿಂದಿನದು ಮರೆತುಹೋಗಿದೆ. ಶವಾಗಾರದ ಹಲಗೆಯ ಮೇಲೆ ಕಣ್ಣು ಬಿಟ್ಟಾಗ ಅವನಿಗೆ ಯಾರ ಗುರುತೂ ಇಲ್ಲ, ಆದರೆ ಅವನ ಗುರುತು ಹಲವರಿಗಿದೆ. ಪಕ್ಕದಲ್ಲಿ ತೇಲುವ ಮಾತಿನಮಲ್ಲ ತಲೆಬುರುಡೆ ಮೋರ್ಟ್, ನಾಯಕನ ಬೆನ್ನ ಮೇಲಿನ ಹಚ್ಚೆಯನ್ನು ಓದಿ ಹೇಳುತ್ತಾನೆ. ಬುರುಡೆಯನ್ನು ನಂಬಬೇಡ ಎಂಬ ಕೊನೆಯ ಮಾತನ್ನು ಮಾತ್ರ ಓದದೆ ಬಿಡುತ್ತಾನೆ. ಡಾಕ್ಕೋನ್ ಎಂಬ ಕತ್ತಿಯಾಳು ತಾನಾಗಿಯೇ ಜೊತೆ ಸೇರಿ, ಕಾರಣ ಹೇಳದೆ ಹಿಂಬಾಲಿಸುತ್ತಾನೆ. ಮೊದಮೊದಲು ಇದು ನಮಗೆ ಪರಿಚಿತವಾದ ವಿಧೇಯತೆಯಂತೆಯೇ ಕಾಣುತ್ತದೆ. ಬಗೆದಷ್ಟೂ ಬೇರೆ ಸಂಗತಿ ಹೊರಬರುತ್ತದೆ. ನಾಯಕನ ಹಿಂದಿನ ಜನ್ಮವೊಂದು, ಲೆಕ್ಕಾಚಾರದ ಕ್ರೂರ ಮನುಷ್ಯ, ಡಾಕ್ಕೋನ್‌ನ ಕತ್ತಿ ಬೇಕೆಂದೇ ಅವನ ಪ್ರಾಣ ಉಳಿಸಿ, ಕುಸಿದಿದ್ದ ಅವನ ಶ್ರದ್ಧೆಗೆ ಆಸರೆಯಾಗುವ ಗ್ರಂಥವೊಂದನ್ನು ಕೈಗಿತ್ತು, ನೀನು ಸಾಯುವವರೆಗೂ ಹಿಂಬಾಲಿಸುತ್ತೇನೆ ಎಂಬ ಆಣೆ ಪಡೆದಿದ್ದ. ಸಾವೇ ಇಲ್ಲದವನಿಗೆ ಕೊಟ್ಟ ಆಣೆ ಅದು. ಅದೇ ಜನ್ಮ ತನ್ನನ್ನು ಪ್ರೀತಿಸಿದ ಡಿಯೊನಾರಾಳನ್ನು, ಪ್ರೇತವಾದ ಮೇಲೆ ಉಪಯೋಗಕ್ಕೆ ಬರಲಿ ಎಂದು ಸಾಯಲು ಬಿಟ್ಟಿತ್ತು. ಹೀಗೆ, ಆಟಗಾರ ತನ್ನ ಬಲವೆಂದು ಎಣಿಸಿಕೊಂಡಿದ್ದ ನಿಷ್ಠೆಯೆಲ್ಲ ಒಂದು ಹಳೆಯ ಅಪರಾಧದ ಕಂತು ಎಂದು ತಿಳಿಯುತ್ತದೆ. ಜೊತೆಗಾರನ ವಿಧೇಯತೆ ಹೇಗೆ ಬಂತು ಎಂದು ಹಿಂದಿನ ಆಟಗಳು ಕೇಳಿರಲಿಲ್ಲ. ಇಲ್ಲಿ ಆಟದ ಮುಕ್ಕಾಲು ಕೆಲಸವೇ ಆ ಪ್ರಶ್ನೆ. ಮರೆತ ನಾಯಕನಿಗೆ ನೆನಪಿರುವ ಜೊತೆಗಾರ ಎದುರಾದಾಗ ಅಧಿಕಾರ ತಲೆಕೆಳಗಾಗುತ್ತದೆ. ನಂಬಬೇಕಾದವನು ಯಾರು, ನಂಬಿಕೆಗೆ ಅರ್ಹನೆಂದು ತೋರಿಸಿಕೊಳ್ಳಬೇಕಾದವನು ಯಾರು ಎಂಬುದು ಅದಲುಬದಲಾಗುತ್ತದೆ.

ಆಮೇಲಿನ ಹತ್ತು ವರ್ಷದಲ್ಲಿ ಈ ಪಾಠ ನೇರವಾಗಿ ಬೆಳೆಯಲಿಲ್ಲ. ಅಂಕವೇ ಗಟ್ಟಿಯಾಗಿ ಮರಳಿತು. ಬಯೋವೇರ್‌ನ 2009ರ 'ಡ್ರ್ಯಾಗನ್ ಏಜ್: ಆರಿಜಿನ್ಸ್' ಪ್ರತಿ ಸಂಗಾತಿಯ ಮನಸ್ಸಿಗೆ ಋಣ ನೂರರಿಂದ ಧನ ನೂರರವರೆಗಿನ ಅಳತೆಪಟ್ಟಿ ಇಟ್ಟಿತು, ಉಡುಗೊರೆ ಕೊಟ್ಟು ಅದನ್ನು ಏರಿಸಬಹುದಿತ್ತು. ಇದನ್ನು ಜೋಳದ ಪಾಳಿಯ ಮರುಹುಟ್ಟು ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ಆ ಆಟಕ್ಕೆ ಅನ್ಯಾಯ. ಅಲಿಸ್ಟರ್ ಎಂಬ ಸಂಗಾತಿಯ ಅಳತೆ ಧನ ನೂರಕ್ಕೆ ಮುಟ್ಟಿದ್ದರೂ, ತನ್ನ ಗುರು ಮತ್ತು ಒಡನಾಡಿಗಳನ್ನು ಯುದ್ಧಭೂಮಿಯಲ್ಲಿ ಕೈಬಿಟ್ಟ ಲೋಗೇನ್‌ನನ್ನು ನಾಯಕ ಕ್ಷಮಿಸಿ ತಂಡಕ್ಕೆ ಸೇರಿಸಿಕೊಂಡ ಗಳಿಗೆಯಲ್ಲೇ ಅವನು ಹೊರಟುಹೋಗುತ್ತಾನೆ. ಯಾವ ಉಡುಗೊರೆಯೂ ತಡೆಯದು. ಅಂಕವನ್ನು ಕಟ್ಟಿದವರೇ ಅಂಕ ಎಲ್ಲಿಗೆ ನಿಲ್ಲುತ್ತದೆ ಎಂದು ತೋರಿಸಿದ್ದಾರೆ: ಸತ್ತ ಒಡನಾಡಿಗಳ ಕಡೆಗಿನ ನಿಷ್ಠೆ, ಬದುಕಿರುವ ನಾಯಕನ ಕಡೆಗಿನ ನಿಷ್ಠೆಗಿಂತ ಮೇಲು.

ಇದೇ ಕಂಪನಿಯ 'ಮಾಸ್ ಎಫೆಕ್ಟ್' ತ್ರಿವಳಿಯಲ್ಲಿ (2007, 2010, 2012) ಅಂಕದ ಧಾರೆಯೂ ನೆನಪಿನ ಧಾರೆಯೂ ಕೂಡಿದವು. ಸಾಧನ 'ವಿಝರ್ಡ್ರಿ'ಯ ಕಾಲದ್ದೇ: ಆಟದ ಸ್ಥಿತಿ ಉಳಿಸಿಟ್ಟ ಸೇವ್ ಫೈಲನ್ನು ಒಂದು ಭಾಗದಿಂದ ಮುಂದಿನದಕ್ಕೆ ಒಯ್ಯುವುದು. ಆದರೆ ಈ ಸಲ ಅದರಲ್ಲಿ ಹೊತ್ತು ತಂದದ್ದು ಮುಖ್ಯವಾಗಿ ನಿರ್ಧಾರಗಳನ್ನು. ಮೊದಲ ಭಾಗದಲ್ಲಿ ಆಶ್ಲಿ, ಕೈಡನ್ ಇಬ್ಬರಲ್ಲಿ ಒಬ್ಬರನ್ನು ಸಾವಿಗೆ ಬಿಟ್ಟು ಬರಲೇಬೇಕು. ಎರಡನೆಯದರಲ್ಲಿ ನಾಯಕ ಶೆಪರ್ಡ್ ಸತ್ತು, ಎರಡು ವರ್ಷದ ನಂತರ ಸೆರ್ಬರಸ್ ಎಂಬ ಕುಖ್ಯಾತ ಸಂಘಟನೆಯ ಹಣದಿಂದ ಮರಳಿ ಬದುಕುತ್ತಾನೆ. ಹೊರೈಜನ್ ಎಂಬ ವಸಾಹತಿನಲ್ಲಿ, ಆ ಇಬ್ಬರಲ್ಲಿ ಬದುಕುಳಿದ ಒಡನಾಡಿ ಎದುರು ನಿಂತು, ನೀನು ಈಗ ಯಾರ ಅನ್ನ ತಿನ್ನುತ್ತಿದ್ದೀಯ ಎಂಬಂತೆ ನೋಡಿ, ಜೊತೆಗೆ ಬರಲು ಒಪ್ಪುವುದಿಲ್ಲ. ಅದೇ ಭಾಗದಲ್ಲಿ ತಂಡ ಸೇರುವ ಸಂಗಾತಿಗಳ ನಿಷ್ಠೆ ಗಳಿಸಲು ಒಬ್ಬೊಬ್ಬರಿಗೂ ಒಂದೊಂದು ಕೆಲಸವಿದೆ. ಅವರ ಸ್ವಂತ ತೊಡಕು ಬಿಡಿಸಿದರೆ ಅವರು ನಿಮ್ಮವರು. ತಂಡ ಸೇರಿದವರ ನಿಷ್ಠೆಗೆ ದಾರಿಯಿದೆ, ಒಲ್ಲೆ ಎಂದ ಆ ಹಳೆಯ ಒಡನಾಡಿಯ ನಂಬಿಕೆಗೆ ಅಂಥ ಒಳದಾರಿ ಇಲ್ಲ. ಈ ಎರಡನ್ನೂ ಒಂದೇ ಆಟದಲ್ಲಿ ಅಕ್ಕಪಕ್ಕ ಇಟ್ಟದ್ದೇ ಅದರ ಬರಹಗಾರರ ದೊಡ್ಡ ಸಾಧನೆ ಎನ್ನುವೆ. ಮೂರನೆಯ ಭಾಗದಲ್ಲಿ ಸಿಟಡೆಲ್ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ ಬಂಡಾಯವೆದ್ದಾಗ ಆ ಹಳೆಯ ಒಡನಾಡಿಯೂ ಶೆಪರ್ಡನೂ ಪರಸ್ಪರ ಬಂದೂಕು ಗುರಿಯಿಟ್ಟು ನಿಲ್ಲುತ್ತಾರೆ. ಹಿಂದೆ ಹೇಗೆ ನಡೆದುಕೊಂಡಿರಿ, ಗಾಯಗೊಂಡು ಆಸ್ಪತ್ರೆಯಲ್ಲಿದ್ದಾಗ ಹೋಗಿ ಮಾತಾಡಿಸಿದಿರಾ ಎಂಬುದರ ಮೇಲೆ ಬಂದೂಕು ಕೆಳಗಿಳಿಯುತ್ತದೆ, ಇಲ್ಲವೇ ಗುಂಡು ಹಾರುತ್ತದೆ.

ಅಲ್ಲೂ ಒಳಗೆ ಓಡುತ್ತಿರುವುದು ಅಂಕವೇ ಅಲ್ಲವೇ ಎಂದು ಕೇಳಬಹುದು. ಹೌದು, ಕಂಪ್ಯೂಟರ್ ಎಣಿಸದೆ ಏನನ್ನೂ ಮಾಡದು. ಆದರೆ ಏನನ್ನು ಎಣಿಸುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಅಳತೆಪಟ್ಟಿ ಕಣ್ಣೆದುರಿದ್ದರೆ ಆಟಗಾರ ಅದಕ್ಕಾಗಿ ನಡೆಯುತ್ತಾನೆ. ಕಾಣದಿದ್ದರೆ, ಮುಂದೆ ಲೆಕ್ಕಕ್ಕೆ ಬರುತ್ತದೆಂದು ತಿಳಿಯದೆ ನಡೆದುಕೊಂಡದ್ದೇ ಲೆಕ್ಕಕ್ಕೆ ಬರುತ್ತದೆ. ನಂಬಿಕೆ ಎನ್ನುವುದು ಮನುಷ್ಯರ ನಡುವೆಯೂ ಹೀಗೇ ಬೆಳೆಯುವುದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಇವೆಲ್ಲ ಬರೆದಿಟ್ಟ ಮಾತುಗಳು, ನಿಜವಾದ ನಿಷ್ಠೆ ಬೇಕಾದರೆ ಜೀವಂತ ಜನರು ಸೇರಿ ಆಡುವ ಆಟಗಳನ್ನು ನೋಡಬೇಕು. 'ಈವ್ ಆನ್‌ಲೈನ್'ನಲ್ಲಿ 2009ರ ಫೆಬ್ರವರಿಯಲ್ಲಿ ಬ್ಯಾಂಡ್ ಆಫ್ ಬ್ರದರ್ಸ್ ಎಂಬ ಬಲಾಢ್ಯ ಒಕ್ಕೂಟವನ್ನು, ಅದರೊಳಗೆ ಅಧಿಕಾರ ಪಡೆದಿದ್ದ ಒಬ್ಬ ಸದಸ್ಯ ಎದುರಾಳಿಗಳ ಕಡೆ ಸೇರಿ ವಿಸರ್ಜಿಸಿಬಿಟ್ಟ. ವರ್ಷಗಟ್ಟಲೆ ಜೊತೆಯಾಗಿ ಕಾದಾಡಿದವರ ಕೂಟ ಒಮ್ಮೆಗೇ ಕುಸಿಯಿತು. ಆ ನೋವು ನಿಜವಾದದ್ದು, ಅದನ್ನು ಕಿರಿದು ಮಾಡಲಾರೆ. ಆದರೆ ಅಲ್ಲಿ ಆಟ ಕೊಟ್ಟದ್ದು ಕಣ ಮತ್ತು ಒಂದು ಗುಂಡಿಯನ್ನು. ದ್ರೋಹ ಬಗೆದವನೂ ನೊಂದವರೂ ಆಟದ ಹೊರಗಿನ ಮನುಷ್ಯರು. ಆಟವೆಂಬ ಕಲೆ ನಿಷ್ಠೆಯ ಬಗ್ಗೆ ತಾನಾಗಿ ಏನು ಹೇಳಲು ಕಲಿಯಿತು ಎಂಬುದಕ್ಕೆ ಪುರಾವೆ ಬರೆದಿಟ್ಟ ಮಾತುಗಳಲ್ಲೇ ಸಿಗಬೇಕು. ಯಕ್ಷಗಾನದ ಪ್ರಸಂಗವೂ ಮೊದಲೇ ಗೊತ್ತಿರುವ ಕಥೆ. ಕರ್ಣಾವಸಾನ ನೋಡುವವರ ಕಣ್ಣೀರನ್ನು ಆ ಕಾರಣಕ್ಕೆ ಸುಳ್ಳೆಂದು ಯಾರೂ ಹೇಳುವುದಿಲ್ಲ.

ಈ ಆಟಗಳ ಚರಿತ್ರೆಯನ್ನು ಚಿತ್ರದ ಹೊಳಪಿನಿಂದ, ನಕ್ಷೆಯ ವಿಸ್ತಾರದಿಂದ ಬರೆಯುವವರು ಸಂಗಾತಿಯ ಒಲ್ಲೆ ಎಂಬ ಮಾತನ್ನು ಪಕ್ಕಕ್ಕಿಡುತ್ತಾರೆ. ನನ್ನ ಎಣಿಕೆಯಲ್ಲಿ ದೊಡ್ಡ ಬದಲಾವಣೆ ಆದದ್ದು ಅಲ್ಲಿಯೇ. 'ಮಾಸ್ ಎಫೆಕ್ಟ್' ತ್ರಿವಳಿಯ ಮೂರೂ ಭಾಗಗಳು 2021ರಲ್ಲಿ ಒಟ್ಟಾಗಿ, ಹೊಸ ರೂಪದಲ್ಲಿ ಮತ್ತೆ ಬಂದವು. ಹೊರೈಜನ್‌ನಲ್ಲಿ ಹಳೆಯ ಒಡನಾಡಿಯನ್ನು ಜೊತೆಗೆ ಬರುವಂತೆ ಒಪ್ಪಿಸುವ ಮಾತು ಅದರಲ್ಲಿಯೂ ಇಲ್ಲ.