ಚಿಕ್ಕ ಕ್ಯಾಬಿನೆಟ್ಟಿನಲ್ಲಿ ಇನ್ನೊಂದು ಹಾರ್ಡ್‌ಡಿಸ್ಕ್

ಹಾವೇರಿ ಜಿಲ್ಲೆಯ ಕದರಮಂಡಲಗಿ ಹೊರಗಿನವರಿಗೆ ಗೊತ್ತಿರುವುದು ಕಾಂತೇಶನ ಗುಡಿಯಿಂದ. ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶರ ಜೊತೆಗೆ ಇಲ್ಲಿಯ ಹನುಮಪ್ಪನನ್ನೂ ಒಂದೇ ದಿನದಲ್ಲಿ ನೋಡಿ ಬರಬೇಕೆಂಬ ಹರಕೆಯವರು ಇಲ್ಲಿಗೆ ಬರುತ್ತಾರೆ. ರಾಣೆಬೆನ್ನೂರು, ಬ್ಯಾಡಗಿ ಎರಡಕ್ಕೂ ಹತ್ತಿರವಾದ ಇಂಥ ಊರುಗಳ ಕಂಪ್ಯೂಟರುಗಳು ಬಹುಪಾಲು ದುಡಿಯುವ ಯಂತ್ರಗಳು. ಮದುವೆ ಫೋಟೊ-ವಿಡಿಯೊ ಮಾಡುವವರು, ಲಗ್ನಪತ್ರಿಕೆ ಮತ್ತು ಬ್ಯಾನರ್ ಹಾಕುವ ಡಿಟಿಪಿಯವರು, ಅರ್ಜಿ ತುಂಬಿಕೊಡುವ ಅಂಗಡಿಯವರು, ಮೆಣಸಿನಕಾಯಿ ದಲಾಲಿಯ ಲೆಕ್ಕ ಬರೆಯುವವರು ಇವನ್ನು ಬಳಸುತ್ತಾರೆ. ಮೇಜು ಚಿಕ್ಕದು, ದುಡ್ಡು ಕಡಿಮೆ, ಹಾಗಾಗಿ ಪೆಟ್ಟಿಗೆಯೂ ಚಿಕ್ಕದು. ಒಂದೆರಡು ವರ್ಷಕ್ಕೆ ಡಿಸ್ಕು ತುಂಬುತ್ತದೆ. ಅಂಥ ಪೆಟ್ಟಿಗೆಯೊಳಗೆ ಇನ್ನೊಂದು ಡಿಸ್ಕನ್ನು ಎಲ್ಲಿ, ಹೇಗೆ ಕೂರಿಸಬಹುದು ಎಂಬುದು ಈ ಲೇಖನದ ವಿಷಯ. ಕ್ಯಾಬಿನೆಟ್ಟಿನಲ್ಲಿ ಜಾಗ ಇದೆಯೇ ಎಂದು ನೋಡುವುದು ಕಡೆಯ ಕೆಲಸ. ಮದರ್‌ಬೋರ್ಡಿನ ಪೋರ್ಟು, ಕರೆಂಟು ಒದಗಿಸುವ ಎಸ್‌ಎಂಪಿಎಸ್‌ನ ಶಕ್ತಿ, ಒಳಗೆ ಓಡಾಡುವ ಗಾಳಿ, ಈ ಮೂರನ್ನೂ ಅದಕ್ಕೆ ಮೊದಲು ನೋಡಬೇಕು.

ತುಂಬುವುದು ಎಷ್ಟು ಬೇಗ

ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ 4ಕೆ ವಿಡಿಯೊ ತೆಗೆದರೆ ಗಂಟೆಗೆ 45 ಜಿಬಿ ಆಗುತ್ತದೆ. ಎರಡು ಕ್ಯಾಮೆರಾ ನಾಲ್ಕು ಗಂಟೆ ಓಡಿದರೆ 360 ಜಿಬಿ. ಅದರ ಮೇಲೆ ಒಂದೊಂದು 25–30 ಎಂಬಿ ತೂಗುವ ಎರಡು ಸಾವಿರ ರಾ ಫೋಟೊ ಸೇರಿದರೆ ಇನ್ನೂ 50–60 ಜಿಬಿ. ಅಂದರೆ ಎರಡೇ ದೊಡ್ಡ ಮದುವೆಗೆ 1 ಟಿಬಿ ಡಿಸ್ಕಿನ ಬಹುಭಾಗ ಹೋಯಿತು. ಡಿಸ್ಕಿನ ಡಬ್ಬಿಯ ಮೇಲೆ 1 ಟಿಬಿ ಎಂದಿದ್ದರೂ ವಿಂಡೋಸ್ ತೋರಿಸುವುದು 931 ಜಿಬಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಯಾರೂ ಕದ್ದಿಲ್ಲ.

ಡಿಟಿಪಿ ಅಂಗಡಿಯ ಕಥೆ ಬೇರೆ. ಹತ್ತು ವರ್ಷದ ನುಡಿ ತಂತ್ರಾಂಶದ ಕಡತಗಳೆಲ್ಲ ಸೇರಿದರೂ ಕೆಲವೇ ಜಿಬಿ. ಅವರಿಗೆ ಬೇಕಾದದ್ದು ದೊಡ್ಡ ಡಿಸ್ಕಲ್ಲ, ವೇಗದ ಚಿಕ್ಕ ಎಸ್‌ಎಸ್‌ಡಿ ಮತ್ತು ಹಳೆಯ ಅಕ್ಷರವಿನ್ಯಾಸಗಳನ್ನೂ ಸೇರಿಸಿಕೊಂಡ ಬ್ಯಾಕಪ್. ಯೂನಿಕೋಡ್ ಅಲ್ಲದ ಹಳೆಯ ಕಡತವನ್ನು ಅದರ ಫಾಂಟ್ ಇಲ್ಲದೆ ತೆರೆದರೆ ಪರದೆಯ ಮೇಲೆ ಬರೀ ಗೀಚು ಕಾಣುತ್ತದೆ.

ಡಿಸ್ಕುಗಳ ಅಳತೆ

1956ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್‌ಡಿಸ್ಕಿನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು. ಅಷ್ಟಿದ್ದೂ ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ. 1980ರಲ್ಲಿ 5.25 ಇಂಚಿನದು ಬಂತು, 1983ರಲ್ಲಿ 3.5 ಇಂಚಿನದು. ಇಂದು ಚಿಕ್ಕ ಪೆಟ್ಟಿಗೆಯಲ್ಲಿ ನಾವು ಎದುರಿಸುವುದು ಮೂರು ಆಕಾರಗಳನ್ನು.

3.5 ಇಂಚಿನ ಹಾರ್ಡ್‌ಡಿಸ್ಕಿನ ಅಗಲ 101.6 ಮಿಲಿಮೀಟರ್, ಉದ್ದ ಸುಮಾರು 147, ದಪ್ಪ ಸುಮಾರು 26. ಹಿಂದೆ ಕೇಬಲ್ ಬಾಗಲು ಮೂರು ನಾಲ್ಕು ಸೆಂಟಿಮೀಟರ್ ಬೇರೆ ಬೇಕು. ಅಳೆಯುವವರು ಮರೆಯುವುದು ಇದನ್ನೇ. 2.5 ಇಂಚಿನದು 70 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಉದ್ದ. ಎಸ್‌ಎಸ್‌ಡಿಗಳು ಸಾಮಾನ್ಯವಾಗಿ 7 ಮಿಲಿಮೀಟರ್ ದಪ್ಪ. ಆದರೆ 4–5 ಟಿಬಿಯ 2.5 ಇಂಚಿನ ಹಾರ್ಡ್‌ಡಿಸ್ಕು 15 ಮಿಲಿಮೀಟರ್ ದಪ್ಪ ಇರುವುದರಿಂದ ತೆಳುವಾದ ಚೌಕಟ್ಟುಗಳಲ್ಲಿ ಕೂರುವುದಿಲ್ಲ. ಪೋರ್ಟಬಲ್ ಡಿಸ್ಕನ್ನು ಬಿಚ್ಚಿ ಒಳಗಿನದನ್ನು ಹಾಕಿಕೊಳ್ಳೋಣ ಎನ್ನುವವರು ಇನ್ನೊಂದು ಸಂಗತಿ ತಿಳಿದಿರಬೇಕು: ಹಲವು ಪೋರ್ಟಬಲ್ ಡಿಸ್ಕುಗಳಲ್ಲಿ ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕನೆಕ್ಟರೇ ಇರುವುದಿಲ್ಲ, ಯುಎಸ್‌ಬಿ ಕನೆಕ್ಟರನ್ನು ನೇರವಾಗಿ ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ.

ಮೂರನೆಯದು ಎಂ.2. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಇದಕ್ಕೆ ಕೇಬಲ್ ಬೇಡ, ಡಿಸ್ಕು ಕೂರಿಸುವ ಬೇ ಬೇಡ. ಚಿಕ್ಕ ಪೆಟ್ಟಿಗೆಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದೇ ಹೇಳಬೇಕು, ಸ್ಲಾಟು ಖಾಲಿ ಇದ್ದರೆ.

ಮದರ್‌ಬೋರ್ಡಿನಲ್ಲಿ ಎಣಿಸಬೇಕಾದದ್ದು

ಮೈಕ್ರೊ-ಎಟಿಎಕ್ಸ್ ಬೋರ್ಡು 244 ಮಿಲಿಮೀಟರ್ ಚೌಕದವರೆಗೆ ಇರುತ್ತದೆ, ಮಿನಿ-ಐಟಿಎಕ್ಸ್ 170 ಮಿಲಿಮೀಟರ್ ಚೌಕ. ಕಡಿಮೆ ಬೆಲೆಯ ಎಚ್610, ಎ520 ಬೋರ್ಡುಗಳಲ್ಲಿ ಸಾಮಾನ್ಯವಾಗಿ 4 ಸಾಟಾ ಪೋರ್ಟು, ಒಂದು ಎಂ.2 ಸ್ಲಾಟು ಸಿಗುತ್ತವೆ. ನಾಲ್ಕು ಇದ್ದಮೇಲೆ ನಾಲ್ಕೂ ಬಳಸಬಹುದು ಎಂದುಕೊಳ್ಳುವಂತಿಲ್ಲ. ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟು ತಾವಾಗಿಯೇ ಕೆಲಸ ನಿಲ್ಲಿಸುತ್ತವೆ. ಇದನ್ನು ಬೋರ್ಡಿನ ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಹೊಸ ಡಿಸ್ಕು ಕಾಣಿಸುತ್ತಿಲ್ಲ ಎಂದು ಅಂಗಡಿಗೆ ವಾಪಸ್ ಒಯ್ಯುವ ಮೊದಲು ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ ನೋಡುವುದು ಲಾಭ.

ಎಂ.2 ಆಕಾರದ ಎಲ್ಲವೂ ಒಂದೇ ಅಲ್ಲ. ಒಂದು ಬಗೆಯದು ಸಾಟಾ ಭಾಷೆ ಆಡುತ್ತದೆ, ಸೆಕೆಂಡಿಗೆ ಸುಮಾರು 550 ಎಂಬಿ ಅದರ ಮಿತಿ. ಇನ್ನೊಂದು ಎನ್‌ವಿಎಂಇ. ಮೂರನೇ ಪೀಳಿಗೆಯ ಪಿಸಿಐಇ ಮೇಲೆ ಇದು 3,500 ಎಂಬಿ ಆಸುಪಾಸು ಓದಬಲ್ಲದು. ಎನ್‌ವಿಎಂಇಗೆ ಮಾತ್ರ ಎಂದಿರುವ ಸ್ಲಾಟಿನಲ್ಲಿ ಸಾಟಾದ ಎಂ.2 ಸಲೀಸಾಗಿ ಕೂರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ವೈಫೈ ಕಾರ್ಡಿನ ಚಿಕ್ಕ ಎಂ.2 ಸ್ಲಾಟು ಬೇರೆಯೇ. ಅದರಲ್ಲಿ ಎಸ್‌ಎಸ್‌ಡಿಯನ್ನು ತುರುಕಲು ಹೋಗಬಾರದು.

ಪೋರ್ಟುಗಳು ಮುಗಿದಿದ್ದರೆ ಪಿಸಿಐಇ ಸ್ಲಾಟು ಇದೆ. ಚಿಕ್ಕ ಎಕ್ಸ್1 ಸ್ಲಾಟಿಗೆ ಹಾಕುವ ಎರಡು ಅಥವಾ ನಾಲ್ಕು ಪೋರ್ಟಿನ ಸಾಟಾ ಕಾರ್ಡುಗಳು ಸಿಗುತ್ತವೆ. ಮೂರನೇ ಪೀಳಿಗೆಯ ಒಂದು ಲೇನು ಸೆಕೆಂಡಿಗೆ ಸುಮಾರು 985 ಎಂಬಿ ಸಾಗಿಸುತ್ತದೆ. 150–200 ಎಂಬಿ ವೇಗದ ನಾಲ್ಕು ಹಾರ್ಡ್‌ಡಿಸ್ಕಿಗೆ ಅದು ಸಾಕು. ಅದೇ ಸ್ಲಾಟಿಗೆ ಅಡಾಪ್ಟರ್ ಹಾಕಿ ಎನ್‌ವಿಎಂಇ ಕೂರಿಸಿದರೂ ಸಾಟಾ ಎಸ್‌ಎಸ್‌ಡಿಗಿಂತ ಚುರುಕಾಗಿಯೇ ಓಡುತ್ತದೆ. ತೀರಾ ಹಳೆಯ ಬೋರ್ಡುಗಳು ಎನ್‌ವಿಎಂಇಯಿಂದ ವಿಂಡೋಸ್ ಶುರು ಮಾಡಲಾರವು. ಕಡತ ಇಡುವ ಡಿಸ್ಕಾಗಿ ಬಳಸಲು ಮಾತ್ರ ಅಡ್ಡಿಯಿಲ್ಲ.

ಗ್ರಾಫಿಕ್ಸ್ ಕಾರ್ಡು ಹಾಕಿದವರಿಗೆ ಇನ್ನೊಂದು ತಾಪತ್ರಯ. ಉದ್ದನೆಯ ಕಾರ್ಡು ಸಾಟಾ ಪೋರ್ಟುಗಳ ಮೇಲೆಯೇ ಚಾಚಿ ನಿಲ್ಲುತ್ತದೆ. ಮೂತಿ ಬಾಗಿದ ಸಾಟಾ ಕೇಬಲ್ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲು ಕೇಬಲ್ ಸಿಕ್ಕಿಸಿ, ಆಮೇಲೆ ಕಾರ್ಡು ಹಾಕಬೇಕು.

ಸೆಕೆಂಡ್‌ಹ್ಯಾಂಡ್ ಆಫೀಸ್ ಪೆಟ್ಟಿಗೆ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೋ ಹುಬ್ಬಳ್ಳಿಯಲ್ಲೋ ಕೊಂಡ ಡೆಲ್, ಎಚ್‌ಪಿ, ಲೆನೊವೊ ಕಂಪನಿಯ ಹಳೆಯ ಆಫೀಸ್ ಯಂತ್ರಗಳು ಹಣಕ್ಕೆ ತಕ್ಕವು. ಹೊಸ ಅಗ್ಗದ ಕ್ಯಾಬಿನೆಟ್ಟಿಗಿಂತ ಅವುಗಳ ತಗಡೂ ಎಸ್‌ಎಂಪಿಎಸ್ಸೂ ಗಟ್ಟಿ. ಆದರೆ ಡಿಸ್ಕು ಸೇರಿಸುವ ವಿಷಯದಲ್ಲಿ ಅವು ಜಿಪುಣ. ಹಲವು ಮಾದರಿಗಳಲ್ಲಿ ಎಸ್‌ಎಂಪಿಎಸ್‌ನಿಂದ ಸಾಟಾ ಕರೆಂಟಿನ ತಂತಿಯೇ ಬರುವುದಿಲ್ಲ. ಮದರ್‌ಬೋರ್ಡಿನ ಮೇಲಿನ ಚಿಕ್ಕ ಕನೆಕ್ಟರಿನಿಂದ ಆ ಕಂಪನಿಯದೇ ತಂತಿಯಲ್ಲಿ ಡಿಸ್ಕಿಗೆ ಕರೆಂಟು ಹೋಗುತ್ತದೆ. ಯಂತ್ರ ಕೊಳ್ಳುವಾಗಲೇ ಎರಡನೇ ಡಿಸ್ಕಿನ ಆ ತಂತಿ ಇದೆಯೇ ಎಂದು ಕೇಳಿ ಪಡೆಯಬೇಕು. ಆಮೇಲೆ ಹುಡುಕುವುದು ತ್ರಾಸು.

ಇಂಥ ಯಂತ್ರದಲ್ಲಿ ಸುಲಭವಾಗಿ ಸಿಗುವ ಜಾಗವೆಂದರೆ ಡಿವಿಡಿ ಡ್ರೈವಿನದು. ಮದುವೆಯ ವಿಡಿಯೊ ಈಗ ಪೆನ್‌ಡ್ರೈವಿನಲ್ಲಿ ಹೋಗುತ್ತದೆ. ಡಿವಿಡಿ ಕೇಳುವವರು ಅಪರೂಪ. ಅದನ್ನು ತೆಗೆದು, ಅದೇ ಆಕಾರದ ಚೌಕಟ್ಟಿನಲ್ಲಿ 2.5 ಇಂಚಿನ ಡಿಸ್ಕು ಕೂರಿಸಬಹುದು. ಲ್ಯಾಪ್‌ಟಾಪ್ ಬಗೆಯ ತೆಳು ಡ್ರೈವಿಗೆ 9.5 ಮತ್ತು 12.7 ಮಿಲಿಮೀಟರ್ ಎಂದು ಎರಡು ದಪ್ಪದ ಚೌಕಟ್ಟುಗಳಿವೆ; ಅಳೆದು ತರಬೇಕು.

ಪುಸ್ತಕದಷ್ಟೇ ಇರುವ ಒಂದು ಲೀಟರಿನ ಮಿನಿ ಯಂತ್ರಗಳಲ್ಲಿ ಒಂದು 2.5 ಇಂಚು, ಒಂದು ಎಂ.2 ಇರುವುದೇ ಸಾಮಾನ್ಯ. ಅದಕ್ಕೂ ಹೆಚ್ಚು ಬೇಕಾದವರು ಯುಎಸ್‌ಬಿ ಡಿಸ್ಕಿಗೆ ಹೋಗುವುದೇ ಜಾಣತನ.

ಕರೆಂಟು ಮತ್ತು ತಂತಿ

3.5 ಇಂಚಿನ ಡಿಸ್ಕು ಓಡುವಾಗ 5ರಿಂದ 8 ವಾಟ್ ಸಾಕು. ಆದರೆ ತಟ್ಟೆ ತಿರುಗಲು ಶುರುವಾಗುವ ಕೆಲವು ಸೆಕೆಂಡು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್, ಅಂದರೆ 24 ವಾಟ್ ಎಳೆಯಬಹುದು. ಮೂರು ಡಿಸ್ಕು ಒಟ್ಟಿಗೆ ಎದ್ದರೆ 70 ವಾಟ್ ದಾಟುತ್ತದೆ. ಹೆಸರಿರುವ ಕಂಪನಿಯ 400 ವಾಟ್ ಎಸ್‌ಎಂಪಿಎಸ್‌ಗೆ ಇದು ಲೆಕ್ಕವೇ ಅಲ್ಲ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್‌ನ ಚೀಟಿಯ ಮೇಲೆ ಎಷ್ಟೇ ಬರೆದಿರಲಿ, ನಾನಂತೂ ಅದಕ್ಕೆ ಎರಡನೇ ಹಾರ್ಡ್‌ಡಿಸ್ಕು ಹಾಕಿ ಎಂದು ಯಾರಿಗೂ ಹೇಳುವುದಿಲ್ಲ. ದುಡ್ಡು ಉಳಿಸಲೇಬೇಕಿದ್ದರೆ ಡಿಸ್ಕಿನ ಗಾತ್ರದಲ್ಲಿ ಉಳಿಸಿ, ಎಸ್‌ಎಂಪಿಎಸ್‌ನಲ್ಲಿ ಬೇಡ.

ಸಾಟಾ ಕರೆಂಟಿನ ತುದಿ ಸಾಲದಿದ್ದಾಗ ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಕ್ಕೆ ಬದಲಿಸುವ ತಂತಿ ಕೊಳ್ಳುತ್ತಾರೆ. ಇದರಲ್ಲಿ ಎರಡು ಬಗೆ. ತಂತಿಗಳ ಮೇಲೆ ಪ್ಲಾಸ್ಟಿಕ್ ಎರಕ ಹೊಯ್ದು ಮುಚ್ಚಿದ ಬಗೆಯದರಲ್ಲಿ ಒಳಗಿನ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟ ಪ್ರಸಂಗಗಳು ಜಗತ್ತಿನ ಎಲ್ಲ ಕಡೆ ಆಗಿವೆ. ಪಿನ್ನುಗಳನ್ನು ಒಂದೊಂದಾಗಿ ಒತ್ತಿ ಕೂರಿಸಿದ, ಹಿಂದಿನಿಂದ ತಂತಿಗಳು ಬಿಡಿಬಿಡಿಯಾಗಿ ಕಾಣುವ ಬಗೆ ಮೇಲು. ಬಿಚ್ಚಿ ಹಾಕಬಹುದಾದ ತಂತಿಗಳ ಎಸ್‌ಎಂಪಿಎಸ್ ಇದ್ದರಂತೂ ಒಂದು ಕಂಪನಿಯ ತಂತಿ ಇನ್ನೊಂದಕ್ಕೆ ಹಾಕಲೇಬಾರದು. ಡಿಸ್ಕಿನ ಕಡೆಯ ತುದಿ ಒಂದೇ ರೀತಿ ಇದ್ದರೂ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಬೇರೆ ಇರುತ್ತದೆ, ಡಿಸ್ಕು ಒಂದೇ ಕ್ಷಣಕ್ಕೆ ಹೋಗುತ್ತದೆ.

ಮೇಜಿನ ಮೇಲಿಡುವ ದೊಡ್ಡ ಯುಎಸ್‌ಬಿ ಡಿಸ್ಕನ್ನು ಬಿಚ್ಚಿ ತೆಗೆದ 3.5 ಇಂಚಿನದು ಕೆಲವೊಮ್ಮೆ ಒಳಗೆ ಹಾಕಿದರೆ ತಿರುಗುವುದೇ ಇಲ್ಲ. ಸಾಟಾದ ಹೊಸ ನಿಯಮದಲ್ಲಿ ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ ಮಲಗಿರು ಎಂಬ ಅರ್ಥವಿದೆ, ಹಳೆಯ ಎಸ್‌ಎಂಪಿಎಸ್‌ಗಳು ಅಲ್ಲಿಗೆ ಸದಾ 3.3 ವೋಲ್ಟ್ ಕೊಡುತ್ತಿರುತ್ತವೆ. 3.3 ವೋಲ್ಟಿನ ಎಳೆಯೇ ಇಲ್ಲದ ಮೋಲೆಕ್ಸ್ ತಂತಿಯಲ್ಲಿ ಅದೇ ಡಿಸ್ಕು ಎದ್ದು ಓಡುತ್ತದೆ.

ಕೂರಿಸುವ ಜಾಗ

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ. ಮದರ್‌ಬೋರ್ಡಿನ ಹಿಂದಿನ ತಗಡಿಗೋ ಎಸ್‌ಎಂಪಿಎಸ್ ಮೇಲಿನ ಖಾಲಿ ಜಾಗಕ್ಕೋ ಡಬಲ್ ಟೇಪು ಹಚ್ಚಿ ಅಂಟಿಸಿದರೂ ನಡೆಯುತ್ತದೆ. ಹಾರ್ಡ್‌ಡಿಸ್ಕಿಗೆ ಈ ಸಡಿಲ ಇಲ್ಲ. ಅಡ್ಡ ಮಲಗಿಸಿ, ಪಕ್ಕಕ್ಕೆ ನಿಲ್ಲಿಸಿ, ಬೇಕಾದರೆ ಕವುಚಿ ಹಾಕಿ, ಎಲ್ಲಕ್ಕೂ ಅದು ಒಗ್ಗುತ್ತದೆ. ಆದರೆ ಬಿಗಿಯಾಗಿ ಕೂತಿರಬೇಕು. ಕೇಬಲ್ಲಿನಲ್ಲಿ ನೇತುಬಿಟ್ಟ ಹಾರ್ಡ್‌ಡಿಸ್ಕು ತನ್ನ ಅದುರಾಟಕ್ಕೆ ತಾನೇ ಹಾಳಾಗುತ್ತದೆ. ಸ್ಕ್ರೂಗಳೂ ಬೇರೆ ಬೇರೆ: 3.5 ಇಂಚಿನದಕ್ಕೆ ದಪ್ಪ ಎಳೆಯ 6-32, 2.5 ಇಂಚಿನದಕ್ಕೆ ಸಣ್ಣ ಎಳೆಯ ಎಂ3, ಎಂ.2ಗೆ ಇನ್ನೂ ಪುಟ್ಟದು. ಎಂ.2ದ ಆ ಪುಟ್ಟ ಸ್ಕ್ರೂ ಬೋರ್ಡಿನ ಡಬ್ಬಿಯಲ್ಲೇ ಉಳಿದುಬಿಡುವುದು ಸಾಮಾನ್ಯ, ಡಬ್ಬಿ ಬಿಸಾಡಬೇಡಿ.

ಸೆಕೆ, ದೂಳು

ಸುಗ್ಗಿಯ ತಿಂಗಳುಗಳಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಬಳಿ ಅಂಗಡಿ ಇಟ್ಟವರಿಗೆ ಘಾಟೂ ದೂಳೂ ಹೊಸದಲ್ಲ. ಹಾರ್ಡ್‌ಡಿಸ್ಕಿನ ಉಸಿರುರಂಧ್ರಕ್ಕೆ ಸೋಸು ಇರುವುದರಿಂದ ದೂಳು ಒಳಗೆ ಹೋಗದು. ಅದು ಮೆತ್ತಿಕೊಳ್ಳುವುದು ಫ್ಯಾನಿಗೆ, ಪ್ರೊಸೆಸರ್ ಮೇಲಿನ ಹೀಟ್‌ಸಿಂಕಿಗೆ, ಮುಂದಿನ ಜಾಲರಿಗೆ. ಗಾಳಿ ನಿಂತರೆ ಮೊದಲು ಬೇಯುವುದು ಮೂಲೆಯಲ್ಲಿ ತುರುಕಿದ ಎರಡನೇ ಡಿಸ್ಕು.

ಡಿಸ್ಕು ತಯಾರಕರು ಹಾರ್ಡ್‌ಡಿಸ್ಕಿಗೆ ಸಾಮಾನ್ಯವಾಗಿ ಹೇಳುವ ಮೇಲಿನ ಮಿತಿ 60 ಡಿಗ್ರಿ. ಬೇಸಿಗೆಯ ಮಧ್ಯಾಹ್ನ ತಗಡಿನ ಮಾಡಿನ ಅಂಗಡಿಯೊಳಗಿನ ಬಿಸಿಗೆ ಕ್ಯಾಬಿನೆಟ್ಟಿನ ಒಳಬಿಸಿ ಸೇರಿದರೆ 50 ದಾಟುವುದು ಕಷ್ಟವಲ್ಲ. ಹಾಗೆಂದು ಡಿಸ್ಕನ್ನು ತಣ್ಣಗಿಟ್ಟಷ್ಟೂ ಆಯುಸ್ಸು ಹೆಚ್ಚೆಂದು ತಿಳಿಯಬೇಕಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಗೂಗಲ್ ಎಂಜಿನಿಯರುಗಳು ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯಮ ಉಷ್ಣತೆಗೂ ಕೆಡುವಿಕೆಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಅದೇ ಅಧ್ಯಯನದ ಇನ್ನೊಂದು ಮಾತು ಅಂಗಡಿಯವರಿಗೆ ಹೆಚ್ಚು ಉಪಯೋಗದ್ದು: ತಟ್ಟೆ ಪರೀಕ್ಷಿಸುವಾಗ ಮೊದಲ ದೋಷ ಕಂಡ ಡಿಸ್ಕು, ದೋಷ ಕಾಣದ ಡಿಸ್ಕಿಗಿಂತ 60 ದಿನದೊಳಗೆ ಕೆಡುವ ಸಾಧ್ಯತೆ 39 ಪಟ್ಟು ಹೆಚ್ಚು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಪುಕ್ಕಟೆ ತಂತ್ರಾಂಶ ಡಿಸ್ಕಿನ ಉಷ್ಣತೆಯನ್ನೂ ಆರೋಗ್ಯದ ಅಂಕಿಗಳನ್ನೂ ತೋರಿಸುತ್ತದೆ. ಮುಂದೆ ಒಂದು 120 ಮಿಲಿಮೀಟರ್ ಫ್ಯಾನು ಒಳಕ್ಕೆ ಊದುವಂತೆ ಹಾಕಿ, ಡಿಸ್ಕುಗಳ ನಡುವೆ ಒಂದು ಬೇಯಷ್ಟು ಅಂತರ ಬಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ದೂಳನ್ನು ಬ್ಲೋವರಿನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು.

ಹಾಕಿದ ಮೇಲೆ

ಹೊಸ ಡಿಸ್ಕು ಬಯೋಸಿನಲ್ಲಿ ಕಂಡರೂ ವಿಂಡೋಸಿನ ದಿಸ್ ಪಿಸಿಯಲ್ಲಿ ಕಾಣುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಅದನ್ನು ಇನಿಶಿಯಲೈಸ್ ಮಾಡಬೇಕು. ಅಲ್ಲಿ ಎಂಬಿಆರ್ ಆರಿಸಿದರೆ ಸಾಮಾನ್ಯ ಡಿಸ್ಕುಗಳಲ್ಲಿ 2 ಟಿಬಿಯ ಆಚೆಗಿನ ಜಾಗ ಕೈಗೆ ಸಿಗದು, ಜಿಪಿಟಿಯೇ ಸರಿ. ಆ ಪಟ್ಟಿಯಲ್ಲಿ ಹಳೆಯ ಡಿಸ್ಕುಗಳೂ ಇರುತ್ತವೆ. ಗಾತ್ರ ನೋಡಿ ಗುರುತು ಹಿಡಿಯದೆ ಫಾರ್ಮ್ಯಾಟ್ ಒತ್ತಬಾರದು. ಎರಡು ಡಿಸ್ಕು ಒಂದೇ ಗಾತ್ರದ್ದಾದರೆ ಹಳೆಯದರ ಕೇಬಲನ್ನು, ಯಂತ್ರ ಆಫ್ ಮಾಡಿದ ಮೇಲೆ, ತಾತ್ಕಾಲಿಕವಾಗಿ ಕಳಚಿಡುವುದು ಕ್ಷೇಮ.

ಎಷ್ಟನ್ನು ಕೊಳ್ಳಬೇಕು ಎಂಬಲ್ಲಿ ನನ್ನ ಅಭಿಪ್ರಾಯ ಸರಳ: ಒಂದೊಂದು ಟಿಬಿಯ ಮೂರು ಡಿಸ್ಕಿಗಿಂತ 4 ಟಿಬಿಯ ಒಂದೇ ಮೇಲು. ಪೋರ್ಟು, ತಂತಿ, ಶಾಖ ಮೂರೂ ಉಳಿಯುತ್ತವೆ. ವಿಂಡೋಸಿಗೂ ಈ ವಾರದ ಎಡಿಟಿಂಗಿಗೂ ಎಂ.2, ಮುಗಿದ ಕೆಲಸಕ್ಕೆ ಆ ದೊಡ್ಡ ಹಾರ್ಡ್‌ಡಿಸ್ಕು. ಮುಗಿದ ಕೆಲಸ ಇಡುವುದಕ್ಕೆ ತಟ್ಟೆಯ ಗೆರೆಗಳು ಒಂದರ ಮೇಲೊಂದು ಏರಿರುವ ಎಸ್‌ಎಂಆರ್ ಬಗೆಯ ಡಿಸ್ಕೂ ಆದೀತು. ದಿನವೂ ಅಳಿಸಿ ಬರೆಯುವುದಕ್ಕೆ ಅದು ನಿಧಾನ.

ಆದರೆ ಅದೇ ಪೆಟ್ಟಿಗೆಯ ಎರಡನೇ ಡಿಸ್ಕಿನಲ್ಲಿ ಇಟ್ಟ ನಕಲು ಬ್ಯಾಕಪ್ ಆಗದು. ಸಿಡಿಲಿಗೆ ಎಸ್‌ಎಂಪಿಎಸ್ ಸುಟ್ಟರೆ ಎರಡಕ್ಕೂ ಒಂದೇ ಗತಿ, ಕಳ್ಳನೂ ವೈರಸ್ಸೂ ಎರಡನ್ನೂ ಬಿಡುವುದಿಲ್ಲ. ಗ್ರಾಹಕರ ಮದುವೆಯನ್ನು ಎರಡನೇ ಸಲ ಚಿತ್ರೀಕರಿಸಲು ಬರುವುದಿಲ್ಲವಾದ್ದರಿಂದ, ಇನ್ನೊಂದು ಪ್ರತಿ ಯುಎಸ್‌ಬಿ ಡಿಸ್ಕಿನಲ್ಲಿ ಅಂಗಡಿಯಿಂದ ಮನೆಗೆ ಹೋಗಬೇಕು. ಸೆಕೆಂಡಿಗೆ 100 ಎಂಬಿ ಬರೆಯುವ ಪೋರ್ಟಬಲ್ ಡಿಸ್ಕಿಗೆ 1 ಟಿಬಿ ಸಾಗಿಸಲು ಮೂರು ಗಂಟೆಗೆ ತುಸು ಕಡಿಮೆ ಹಿಡಿಯುತ್ತದೆ. ಹಳೆಯ ಯುಎಸ್‌ಬಿ 2.0 ಪೋರ್ಟಿಗೆ ಸಿಕ್ಕಿಸಿದರೆ ಅದೇ ಕೆಲಸಕ್ಕೆ ಏಳೆಂಟು ಗಂಟೆ ಬೇಕು. 600 ವಿಎ ಯುಪಿಎಸ್ಸಿನ ಬ್ಯಾಟರಿ ಅಷ್ಟು ಹೊತ್ತು ತಾಳುವುದಿಲ್ಲ, ಹಾಗಾಗಿ ನಕಲು ಹಚ್ಚುವ ಮೊದಲು ಹೆಸ್ಕಾಂ ಕರೆಂಟು ಯಾವ ಹೊತ್ತಿಗೆ ಹೋಗುತ್ತದೆಂದು ನೋಡಿಕೊಂಡು, ನೀಲಿ ಬಣ್ಣದ 3.0 ಪೋರ್ಟಿಗೇ ಸಿಕ್ಕಿಸುವುದು ಒಳ್ಳೆಯದು.